ಎರಡನೆಯ ಬ್ರೇಕು

ಕಾಲು ತಾಗಿದ್ದಲ್ಲ, ಒತ್ತಿದ್ದು. ಬೆಳಗಿನಿಂದ ಹುಡುಗಿ ಇದೊಂದನ್ನೇ ತನಗೆ ತಾನು ಒಪ್ಪಿಸಿಕೊಳ್ಳುತ್ತಿದ್ದಳು, ದಿನಚರಿಯಲ್ಲಿ ಒಂದು ಸಾಲು ಬರೆದು, ಯಾರಾದರೂ ಓದಿಯಾರು ಎಂದು ಅಲ್ಲೇ ಗೀಚಿ ಹಾಕುವವಳ ಹಾಗೆ.

ಅಮ್ಮನದು ಡ್ರೈವಿಂಗ್ ಸ್ಕೂಲು. ಊರಿನ ಅರ್ಧ ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ಟವಳು ಅಮ್ಮ. ಕಲಿಸುವ ಕಾರಿಗೆ ಬ್ರೇಕು ಎರಡಿರುತ್ತವೆ. ಒಂದು ಓಡಿಸುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಇವತ್ತು ಓಡಿಸುತ್ತಿದ್ದವಳು ಅಮ್ಮ, ಆ ಪಕ್ಕದ ಸೀಟಿನಲ್ಲಿ ಹುಡುಗಿ ಕೂತಿದ್ದಳು. ಮಗಳ ಪದವಿ ಮುಗಿಯಿತಲ್ಲ ಎಂದು ಅಮ್ಮನೇ ಹಟ ಹಿಡಿದು ಹೊರಡಿಸಿದ ಪ್ರವಾಸ ಅದು. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ, ಪಕ್ಕದಲ್ಲಿ ಚಿಕ್ಕಮ್ಮನಷ್ಟೇ ಜಾಗ ಹಿಡಿದಿದ್ದ ಅವಳ ಚೀಲ.

ಬೆಟ್ಟದ ಬುಡದ ಸುರಂಗಕ್ಕೆ ಕಾರು ನುಗ್ಗಿದ್ದು ಕಣ್ಣು ಕೋರೈಸುವ ಬಿಸಿಲಿನಿಂದ. ಮುಂದೆ ದೀಪವಿಲ್ಲದ ಲಾರಿಯೊಂದು ತೆವಳುತ್ತಿತ್ತು. ಅದರ ಬೆನ್ನು ಹತ್ತಿರವಾಗುತ್ತಿದೆ, ದೊಡ್ಡದಾಗುತ್ತಿದೆ, ಅಮ್ಮ ಮಾತ್ರ ಚಿಕ್ಕಮ್ಮನ ಯಾವುದೋ ಮಾತಿಗೆ ನಗುತ್ತ ಅದೇ ವೇಗದಲ್ಲಿ ಹೋಗುತ್ತಿದ್ದಾಳೆ. ಹುಡುಗಿಯ ಕಾಲು ಕೆಳಗೆ ಹೋಯಿತು. ಕಾರು ಮುಗ್ಗರಿಸಿ ನಿಂತಿತು.

"ಯಾರೇ ಬ್ರೇಕ್ ಹಾಕಿದ್ದು?"

"ಕಾಲು ತಾಗ್ತಮ್ಮ."

"ಗಾಡಿ ಕಲಿಯೇ ಅಂದ್ರೆ ಹೆದರಿ ಓಡೋಗ್ತೀಯ, ಬ್ರೇಕ್ ಮಾತ್ರ ಚೆನ್ನಾಗಿ ಬರುತ್ತೆ ನಿಂಗೆ," ಎಂದು ಅಮ್ಮ ನಕ್ಕಳು. ನಕ್ಕಿದ್ದೇನೋ ನಿಜ. ಸುರಂಗ ದಾಟಿ ಬೆಳಕಿಗೆ ಬಂದಾಗ ಸ್ಟೇರಿಂಗ್ ಹಿಡಿದಿದ್ದ ಅವಳ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು.

ಬೆಟ್ಟದ ಮೇಲೆ ಹರಡಿಕೊಂಡಿದ್ದ ಹಳೆಯ ಗುಡಿಗಳಲ್ಲಿ ಈಗ ಪೂಜೆಯಿಲ್ಲ. ಮೂಗು ಸವೆದ ಸಿಂಹಗಳು, ಕೊಳಲು ಮುರಿದು ಹೋಗಿದ್ದರೂ ಊದುವುದನ್ನು ಬಿಡದ ಕಲ್ಲಿನ ವಾದ್ಯಗಾರರು, ಜನ ಹಾದು ಹಾದು ಕನ್ನಡಿಯಂತಾದ ಹೊಸ್ತಿಲುಗಳು. ಅಂಗಳದ ಬಿಸಿಲಿನಲ್ಲಿ ಅಮ್ಮ ಎಂದಿನ ಅಮ್ಮನೇ. ಶಿಖರದ ತುದಿಯ ಬಿರುಕಿನಲ್ಲಿ ಕೂತಿದ್ದ ಗಿಳಿಯನ್ನು ಎಲ್ಲರಿಗಿಂತ ಮೊದಲು ಕಂಡವಳು ಅವಳು. ಇಷ್ಟು ಚುರುಕು ಕಣ್ಣಿನವಳ ಮೇಲೆ ಅನುಮಾನಪಟ್ಟೆನಲ್ಲ ಎಂದು ಹುಡುಗಿಗೆ ನಾಚಿಕೆಯಾಯಿತು, ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು.

ಆಮೇಲೆ ಒಳಮಂಟಪ ಹೊಕ್ಕರು.

ಬಾಗಿಲು ದಾಟಿದ್ದೇ ಅಮ್ಮ ನಿಂತುಬಿಟ್ಟಳು. ಒಳಗೆ ಮಬ್ಬು, ಬಾವಲಿಗಳ ವಾಸನೆ. ಹುಡುಗಿಯ ಕಣ್ಣು ಸ್ವಲ್ಪ ಹೊತ್ತಿಗೇ ಮಬ್ಬಿಗೆ ಹೊಂದಿಕೊಂಡಿತು. ಅಮ್ಮ ಒಂದು ಅಂಗೈಯನ್ನು ಗೋಡೆಗೆ ಒತ್ತಿ, ಕ್ಲಚ್ ಹುಡುಕುವ ಹೊಸಬರ ಹಾಗೆ ಪಾದದ ತುದಿಯಿಂದ ನೆಲ ತಡವುತ್ತಿದ್ದಳು.

"ಅಕ್ಕಾ, ಆ ನರ್ತಕಿ ಬೆರಳು ನೋಡೇ! ಜೀವ ಬಂದಂಗಿದೆ," ಎಂದಳು ಚಿಕ್ಕಮ್ಮ, ಎಡಗಡೆಯ ಕಂಬಕ್ಕೆ ಫೋನು ಹಿಡಿದು.

"ಆಹಾ, ಎಂಥ ಕೈಚಳಕ!" ಎಂದಳು ಅಮ್ಮ. ಅವಳು ಮುಖ ಮಾಡಿ ನಿಂತಿದ್ದು ಬಲಗಡೆಯ ಬೋಳು ಗೋಡೆಗೆ.

ಹುಡುಗಿ ಒಂದೊಂದನ್ನೇ ಜೋಡಿಸಿದಳು. ಕರೆಂಟು ಹೋದಾಗ ಮೇಣದಬತ್ತಿ ತರುವವರೆಗೆ ಕೂತಲ್ಲೇ ಕೂತಿರುತ್ತಿದ್ದ ಅಮ್ಮ. ಸಂಜೆ ಟ್ರಾಫಿಕ್ ಜಾಸ್ತಿ ಎಂದು ಸಂಜೆಯ ಕ್ಲಾಸುಗಳನ್ನೆಲ್ಲ ಬೆಳಗಿಗೆ ಬದಲಿಸಿದ ಅಮ್ಮ. ಇರುಳುಗಣ್ಣು. ಆ ಪದ ಅವಳಿಗೆ ಗೊತ್ತಿತ್ತು. ಅದನ್ನು ಒಮ್ಮೆ ಆಡಿಬಿಟ್ಟರೆ ಮನೆಯ ಮುಂದಿನ ಡ್ರೈವಿಂಗ್ ಸ್ಕೂಲಿನ ಬೋರ್ಡು ಇಳಿಯುತ್ತದೆ. ಅಪ್ಪ ಹೋದ ಮೇಲೆ ಅಮ್ಮ ತಲೆಯೆತ್ತಿ ನಡೆದದ್ದೇ ಆ ಬೋರ್ಡಿನ ಆಸರೆಯಲ್ಲಿ. ಆಡದಿದ್ದರೆ? ಸುರಂಗ ಇನ್ನೂ ಅಲ್ಲೇ ಇತ್ತು. ವಾಪಸು ಹೋಗುವ ದಾರಿಯೂ ಅದೊಂದೇ.

"ಇಲ್ಲೊಂದು ಮೆಟ್ಟಿಲಿದೆಯಮ್ಮ. ಅಲ್ಲಿ ಕಲ್ಲು ಎದ್ದಿದೆ. ತಲೆ ಬಗ್ಗಿಸು, ಬಾಗಿಲು ಗಿಡ್ಡ," ಎಂದು ಅವಳು ಬಿಡದೆ ಮಾತಾಡತೊಡಗಿದಳು.

ಚಿಕ್ಕಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ. "ಏನೇ ಮೌನಗೌರಿ, ಮನೇಲಿ ಕೊಡಲಿ ತಗೊಂಡು ಬಾಯಿ ಬಿಡಿಸ್ಬೇಕು ನಿಂಗೆ, ಇಲ್ಲಿ ನೋಡಿದ್ರೆ ಗೈಡ್ ಆಗ್ಬಿಟ್ಟಿದೀಯಲ್ಲ!"

"ನಂಗೆ ಕಾಣುತ್ತೆ ಬಿಡೇ," ಎಂದು ಅಮ್ಮ ಸಿಡುಕಿದಳು. ಆದರೆ ಮಗಳ ಮೊಣಕೈ ಹಿಡಿದ ಕೈಯನ್ನು ಬಿಡಲಿಲ್ಲ.

ಹೊರಗೆ ಬಂದರೆ ನೆರಳುಗಳು ಉದ್ದವಾಗಿದ್ದವು. ಈಗಲೇ ಹೊರಟರೆ ಬೆಳಕಿರುವಾಗಲೇ ಬೆಟ್ಟ ಇಳಿಯಬಹುದು, ಸುರಂಗವೊಂದನ್ನು ಹೇಗೋ ದಾಟಿದರೆ ಆಚೆಗಿನ ರಸ್ತೆಯಲ್ಲಾದರೂ ದೀಪಗಳಿವೆ. ಅವಳು ಲೆಕ್ಕ ಹಾಕಿದಳು.

"ಚಿಕ್ಕಮ್ಮ, ಹೊರಡೋಣ್ವಾ? ನಂಗೆ ತಲೆನೋವು."

"ಅಯ್ಯೋ, ಮೊದಲೇ ಹೇಳೋದಲ್ವಾ!" ಚೀಲದಿಂದ ಮಾತ್ರೆ ಬಂತು, ಬೆನ್ನಿಗೇ ನೀರಿನ ಬಾಟಲಿ. "ನುಂಗು. ಸೂರ್ಯ ಮುಳುಗೋದನ್ನ ನೋಡ್ದೆ ಇಲ್ಲಿಂದ ಹೋದ್ರೆ ಬಂದಿದ್ದಕ್ಕೆ ಏನರ್ಥ?"

ಮಾತ್ರೆ ನುಂಗಿದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಚಳಿಯಾಗುತ್ತಿದೆ ಎಂದಳು. ಚೀಲದಿಂದ ಶಾಲು ಬಂತು. ಹಸಿವು ಎಂದಳು, ಬಿಸ್ಕತ್ತು ಬಂತು. ಚಪ್ಪಲಿ ಕಚ್ಚುತ್ತಿದೆ ಎಂದಾಗ ಹತ್ತಿ, ಮುಲಾಮು, ಅಂಟುಪಟ್ಟಿ ಒಂದರ ಹಿಂದೊಂದು ಹೊರಬಂದವು. ಅವಳ ಯಾವ ಸುಳ್ಳಿಗೂ ಆ ಚೀಲದಲ್ಲಿ ಮದ್ದಿತ್ತು. ಶಾಲು ಹೊದ್ದು, ಕಾಲಿಗೆ ಪಟ್ಟಿ ಅಂಟಿಸಿಕೊಂಡು, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಅವಳು ಸೂರ್ಯ ಮುಳುಗುವುದನ್ನು ನೋಡಿದಳು. ಅಷ್ಟು ಚೆಂದದ ಸೂರ್ಯಾಸ್ತವನ್ನು ಅಷ್ಟು ಹೆದರಿಕೊಂಡು ನೋಡಿದವರು ಆ ಬೆಟ್ಟದ ಮೇಲೆ ಬೇರೆ ಯಾರೂ ಇದ್ದಿರಲಾರರು.

ಕಾವಲುಗಾರ ಸೀಟಿ ಊದಿ ಎಲ್ಲರನ್ನೂ ಹೊರಗಟ್ಟಿದ. ವಾಹನ ನಿಲ್ಲಿಸುವ ಬಯಲಿನ ಅಂಚಿನಲ್ಲಿ ಒಂದು ವಸತಿಗೃಹವಿತ್ತು, ಕಿಟಕಿಯಲ್ಲಿ ದೀಪ ಹೊತ್ತಿಸಿದ್ದರು.

"ಇವತ್ತು ಇಲ್ಲೇ ಉಳ್ಕೊಂಡ್ರೆ?" ಎಂದಳು ಹುಡುಗಿ. "ನಂಗೆ ಈ ಜಾಗ ತುಂಬ ಇಷ್ಟ ಆಯ್ತು."

"ಬೆಳಗ್ಗೆ ನಂಗೆ ಕ್ಲಾಸಿದೆ," ಎಂದಳು ಅಮ್ಮ. ಅವಳು ಬೀಗದ ಕೈಯನ್ನು ಕಾರಿನ ಬಾಗಿಲಿಗೆ ಹಾಕಲು ನೋಡುತ್ತಿದ್ದಳು. ಅದು ಕಬ್ಬಿಣಕ್ಕೆ ತಾಗಿ ಕಿರ್ ಎಂದಿತು, ಇನ್ನೊಮ್ಮೆ ಕಿರ್ ಎಂದಿತು. ಆಮೇಲೆ ಅಮ್ಮ ಬೆರಳಿನಿಂದ ತೂತು ತಡವಿ, ಬೆರಳ ಪಕ್ಕದಲ್ಲೇ ಕೀ ಇಳಿಸಿದಳು. ಎಷ್ಟೋ ದಿನದಿಂದ ಹಾಗೆಯೇ ಮಾಡಿ ರೂಢಿಯಾದವಳಂತೆ ಮಾಡಿದಳು.

"ಅಷ್ಟು ಇಷ್ಟ ಆಗಿದ್ರೆ ನಿನ್ನ ಗಂಡನ ಜೊತೆ ಬರೋವಂತೆ," ಎಂದು ಹಿಂದಿನ ಸೀಟಿನಲ್ಲಿ ಚೀಲ ತುರುಕುತ್ತ ಚಿಕ್ಕಮ್ಮ ನಕ್ಕಳು. "ಈಗ ಹತ್ತಮ್ಮ ತಾಯಿ."

ಅವಳು ಹತ್ತಿದಳು. ಪಕ್ಕದ ಸೀಟು. ಕಾಲಡಿ ರಬ್ಬರು ಸವೆದ ಆ ಪುಟ್ಟ ಕಬ್ಬಿಣ. ಕಲಿಯುವವರಿಗೆಲ್ಲ ಮೊದಲ ದಿನ ಅಮ್ಮ ಹೇಳುತ್ತಿದ್ದ ಮಾತು ಕಿಟಕಿಯಾಚೆಯಿಂದ ಎಷ್ಟು ಸಲ ಅವಳ ಕಿವಿಗೆ ಬಿದ್ದಿತ್ತು: ಅನುಮಾನ ಬಂತಾ, ಮೊದಲು ಬ್ರೇಕ್ ಹಾಕಿ, ಆಮೇಲೆ ಯೋಚನೆ ಮಾಡಿ.

ಅಮ್ಮ ದೀಪ ಹಾಕಿದಳು. ಬೆಳಕಿನ ತುಂಡೊಂದು ಎದುರಿನ ಹುಲ್ಲಿನ ಮೇಲೆ ಬಿತ್ತು, ಅದರಾಚೆ ಎಲ್ಲ ಕಪ್ಪು. ಅಮ್ಮ ಮುಂದಕ್ಕೆ ಬಾಗಿ, ಗಾಜಿಗೆ ಮುಖ ತಂದು, ಕಣ್ಣು ಕಿರಿದು ಮಾಡಿಕೊಂಡಳು. ಗೇರು ಬಿತ್ತು. ಕ್ಲಚ್ ಬಿಟ್ಟಳು. ಕಾರು ಒಮ್ಮೆ ನಡುಗಿ ಆಫ್ ಆಯಿತು.

"ಇದೇನಾಯ್ತು ಇದಕ್ಕೆ?" ಅಮ್ಮ ಮತ್ತೆ ಕೀ ತಿರುಗಿಸಿದಳು. ಮತ್ತೆ ನಡುಗಿತು, ಮತ್ತೆ ಆಫ್.

"ಊರಿಗೆಲ್ಲ ಕಲಿಸೋಳು ನೀನು, ಕ್ಲಚ್ ಬಿಡೋದು ಮರೆತುಹೋಯ್ತಾ ಅಕ್ಕಾ?" ಎಂದಳು ಚಿಕ್ಕಮ್ಮ ಹಿಂದಿನಿಂದ.

ಅಮ್ಮ ನಗಲಿಲ್ಲ. ಮಗಳ ಕಡೆ ತಿರುಗಿದಳು. ಆ ಕತ್ತಲೆಯಲ್ಲಿ ಅವಳ ನೋಟ ಮಗಳ ಮುಖ ಸಿಗದೆ, ಭುಜದ ಮೇಲೆಲ್ಲೋ ನಿಂತಿತು.

"ಯಾರೇ ಬ್ರೇಕ್ ಹಾಕಿರೋದು?" ದನಿ ಮೆತ್ತಗಾಗಿತ್ತು. "ಕಾಲು ತಾಗ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಅಮ್ಮನೇ ಸುಳ್ಳನ್ನು ತಟ್ಟೆಯಲ್ಲಿಟ್ಟು ಮುಂದೆ ಚಾಚಿದ್ದಳು. ಹುಡುಗಿಯ ಪಾದ ಬ್ರೇಕಿನ ಮೇಲೆ ಒತ್ತಿದ್ದು ಒತ್ತಿದಂತೆಯೇ ಇತ್ತು.

"ಇಲ್ಲಮ್ಮ, ತಾಗಿಲ್ಲ. ಒತ್ಕೊಂಡಿದೀನಿ," ಎಂದಳು. ಹಿಂದಿನ ಸೀಟಿಗೂ ಕೇಳುವಷ್ಟು ಗಟ್ಟಿಯಾಗಿ ಅವಳ ದನಿ ಬಂದಿತ್ತು. "ನಿಂಗೆ ಕತ್ತಲೇಲಿ ಕಣ್ಣು ಕಾಣಲ್ಲ."