ಹಾರೆ ಇಳಿಯದ ನೆಲ

ರಾಯದುರ್ಗದಲ್ಲಿ ಬಸ್ ಇಳಿದವನು ಮನೆಗೂ ಹೋಗದೆ ನೇರ ಮೈಲಾರಮ್ಮನ ಕುರಿಹಟ್ಟಿಗೆ ಹೋದೆ. ಉಣ್ಣೆ ಹಿಂಜುತ್ತಿದ್ದಳು.

"ಬಂದ್ಯಾ ತಿಪ್ಪೇಸಿ? ಮಣ್ಣು ತಂದ್ಯಾ?"

ಅವಳ ಮಗ ದೊಡ್ಡಬೀರಪ್ಪನೂ ನಾನೂ ಇಲ್ಲಿನ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಅಕ್ಕಪಕ್ಕದ ಮಿಷನ್ನಿನವರು. ರಷ್ಯಾದಲ್ಲಿ ಟೈಲರ್‌ಗಳು ಬೇಕಂತೆ ಎಂದು ಜೊತೆಗೇ ಹೊರಟೆವು. ಉತ್ತರದ ತುದಿಯ ಒಂದು ಬಂದರಿನಲ್ಲಿ ಕೂಲಿಗಳ ದಪ್ಪ ಕೋಟು ಹೊಲಿಯುವ ಕೆಲಸ. ಮೊದಲ ಚಳಿಗೇ ಬೀರನಿಗೆ ನ್ಯುಮೋನಿಯಾ, ಹೋಗಿಬಿಟ್ಟ. ಹೆಣ ಊರಿಗೆ ಕಳಿಸಲಾಗಲಿಲ್ಲ. ಫೋನಿನಲ್ಲಿ ಮೈಲಾರಮ್ಮ ಕೇಳಿದ್ದು ಎರಡೇ: ಸುಡಬೇಡ, ಮಣ್ಣು ಮಾಡು, ಬರುವಾಗ ಅವನ ಮೇಲಿನ ಮಣ್ಣು ಒಂದು ಹಿಡಿ ತಾ. ಹಟ್ಟಿಯ ಹಿರಿಯರ ಕಲ್ಲುಗಳ ಸಾಲಿನಲ್ಲಿ ಅವನ ಕಲ್ಲು ನಿಲ್ಲಿಸಬೇಕಾದರೆ ಕೆಳಗೆ ಆ ಮಣ್ಣು ಬೀಳಬೇಕು.

ಜಾಗ ಆರಿಸಿದವನು ನಾನೇ. ಕ್ಯಾಂಟೀನಿನ ಮುದುಕಿ ಕಡಲಿನಿಂದ ದೂರ, ಒಳಗಿನ ಸ್ಮಶಾನ ತೋರಿಸಿದಳು. ಬೇಸಿಗೆಯಲ್ಲಿ ಅದು ಕೆಸರಾಗುತ್ತದೆ ಎಂದು ಜೊತೆ ಕೆಲಸದವರು ಹೇಳಿದರು. ನನಗೆ ಹಿಡಿಸಲಿಲ್ಲ. ಕಡಲ ಪಕ್ಕದ ಎತ್ತರದ ದಿಬ್ಬ ನೋಡಿದೆ. ಹಾಕಿದ ಹಾರೆ ಠಣ್ಣೆಂದು ವಾಪಸ್ ಬಂತು. ನಮ್ಮ ಕಡೆ ಹಾರೆ ಇಳಿಯದ ನೆಲ ಎಂದರೆ ಅಡಿಯಲ್ಲಿ ಬಂಡೆ. ಬಂಡೆ ಎಂದರೆ ಕೋಟೆ ಕಟ್ಟಬಹುದು. ಮುದುಕಿ ಬೇಡವೆಂದು ತಲೆಯಾಡಿಸಿದಳು. ಅವಳ ಭಾಷೆ ಬರುತ್ತಿರಲಿಲ್ಲ ನಿಜ, ಆಡಿಸಿದ ತಲೆ ಅರ್ಥವಾಗಿತ್ತು. ಎರಡು ದಿನ ಬೆಂಕಿ ಹಾಕಿ ಮೆತ್ತಗೆ ಮಾಡಿ ಕುಣಿ ತೋಡಿದೆವು.

ಬಂಡೆಯಲ್ಲ, ಮಣ್ಣನ್ನು ಹಿಡಿದಿದ್ದದ್ದು ಹಳೆಯ ಮಂಜುಗಡ್ಡೆ. ಈಗೀಗ ಅಲ್ಲಿ ಬೇಸಿಗೆ ಬೇಗ ಬಂದು ತಡವಾಗಿ ಹೋಗುತ್ತದೆ. ಗಡ್ಡೆ ಕರಗುತ್ತದೆ, ಏರಿದ ಕಡಲು ದಿಬ್ಬದ ಬುಡಕ್ಕೇ ಹೊಡೆಯುತ್ತದೆ. ಮೂರನೇ ಬೇಸಿಗೆಗೆ, ಊರಿಗೆ ಹೊರಡುವ ಮೊದಲು ಮಣ್ಣು ತರಲು ಹೋದರೆ ದಿಬ್ಬವೇ ಇಲ್ಲ. ಕೆಳಗೆ ಕಂದು ನೀರು, ಅಷ್ಟೇ.

ಬ್ಯಾಗಿನಲ್ಲಿ ಬೇರೆ ಕಡೆ ಅಗೆದ ಮಣ್ಣು ಒಂದು ಡಬ್ಬಿ ಇತ್ತು. ತೆಗೆದುಕೊಟ್ಟೆ. ಅವಳು ಚಿಟಿಕೆ ಹಿಡಿದು ಹಣೆಗೆ ಹಚ್ಚಿಕೊಳ್ಳಲು ಹೋದಳು. ನನ್ನ ಕೈ ತಾನಾಗೇ ಅಡ್ಡ ಹೋಯಿತು.

"ಬ್ಯಾಡ ದೊಡ್ಡವ್ವ. ಇದರಾಗ ಬೀರ ಇಲ್ಲ."

ಎಲ್ಲ ಹೇಳಿದೆ.

"ಒಳಗಿನ ಜಾಗ ಯಾಕ ಬ್ಯಾಡಂದಿ?"

"ಬ್ಯಾಸಿಗಿಗೆ ಮೆತ್ತಗಾಗ್ತದಂದ್ರು ದೊಡ್ಡವ್ವ."

"ನಾನಿದ್ದಿದ್ರೂ ಬ್ಯಾಡ ಅಂತಿದ್ದೆನೋ ಏನೋ..." ಎಂದವಳು ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗೇ ಕೊಟ್ಟಳು. "ಆ ಮುದುಕಿ ಮಾತು ಕೇಳಬೇಕಿತ್ತಪ್ಪ."

ಹಿರಿಯರ ಸಾಲಿನ ಕೊನೆಗೆ ಕಲ್ಲು ನೆಡಲು ಕುಣಿ ಆಗಲೇ ತೋಡಿಸಿಟ್ಟಿದ್ದಳು. ಕಲ್ಲು ಪಕ್ಕದಲ್ಲಿ ಮಲಗಿತ್ತು. ಇವತ್ತಿಗೂ ಮಲಗೇ ಇದೆ. ಕುರಿಮರಿಗಳು ಹತ್ತಿ ಇಳಿಯುತ್ತವೆ.