ಬೆನ್ನಿಗೆ ಹೊಲಿದ ಉಂಡೆ

ಸೂಜಿಯ ತುದಿಗೆ ಬಿಸಿಲು ತಗುಲಿ ಮಿಂಚಿತು, ಬಟ್ಟೆಯೊಳಗೆ ಮುಳುಗಿತು, ಮತ್ತೆ ಮಿಂಚಿತು — ಅತ್ತಿಗೆ ಬಾಲಮ್ಮ ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದಾಳೆ, ಸತ್ತವನ ಅಂಗಿಯನ್ನು ಯಾರಾದರೂ ಹೊಲಿಯುತ್ತಾರೆಯೇ, ಮಲ್ಕಪ್ಪಣ್ಣನಿಗೆ ಮಣ್ಣು ಕೊಟ್ಟು ಇಂದಿಗೆ ಮೂರು ದಿನ, ಇನ್ನೊಂದು ಗಳಿಗೆಗೆ ಗೋರಿಗೆ ಎಡೆ ಒಯ್ಯಬೇಕು, ಎಡೆಯ ಜೊತೆ ಈ ಅಂಗಿಯನ್ನೂ ಇಡುತ್ತಾಳಂತೆ, ಅಲ್ಲೆರೆ ಮಗ್ಗಲಾಗಿ ಮಲಗ್ಲಿ ಅನ್ನುತ್ತಾಳೆ, ನನ್ನ ಹೊಲಿಗಿನೇ ಬಿಚ್ಚಿ ಹೋಗ್ಯಾದ ನೋಡು ಹುಲಗ್ಯಾ, ಸಡ್ಲ ಹಾಕಿದ್ನೋ ಏನೋ, ನನ್ನ ಕೈಯಾರೆ ಕೊಂದೆ ನಿಮ್ಮಣ್ಣನ್ನ. ಹುಲಗಪ್ಪ ತಲೆ ಎತ್ತಲಿಲ್ಲ. ಶಹಾಪುರದ ಟೆಂಟಿನಲ್ಲಿ ನೋಡಿದ ಆಟಗಳ ಮಾತೆಲ್ಲ ಬಾಯಿಪಾಠ, ರಾಜನದು, ಡಕಾಯಿತನದು, ಗಂಡನನ್ನು ಕಳಕೊಂಡ ರಾಣಿಯದು, ಕುರಿಗಳ ಮುಂದೆಯೂ ಕೈ ಬೀಸಿ ಒದರುತ್ತಿದ್ದವನು — ಈಗ ಒಂದು ಮಾತೂ ಹೊರಡುತ್ತಿಲ್ಲ, ಒಂದೇ ಒಂದು ಮಾತು ಹೇಳಿದರೆ ಅತ್ತಿಗೆಯ ಮೇಲಿನ ಭಾರ ಇಳಿಯುತ್ತದೆ, ಹೇಳಿದರೆ ತನ್ನ ಮುಖ ಅವಳು ಇನ್ನೆಂದೂ ನೋಡಲಾರಳು.

ಎಂಥ ಗೊರಕೆ ಅಣ್ಣನದು, ಹತ್ತಿ ಗಿರಣಿ ಓಡಿದ ಹಾಗೆ, ಆ ಗಲಾಟೆಯ ವರ್ಷ ಊರು ಬಿಟ್ಟು ಬೋನಾಳ ಕೆರೆಯ ಆಪು ಹುಲ್ಲಿನ ಪೊದೆಯೊಳಗೆ ಅಡಗಿದಾಗ ಗೊರಕೆ ಹೊರಗೆ ಕೇಳಿಸಿದರೆ ಎಲ್ಲರೂ ಸತ್ತೆವು ಎಂದು ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ತಾನೇ, ಸದ್ದು ಏಳುವುದೇ ತಡ ಗದ್ದ ಹಿಡಿದು ಮಗ್ಗುಲಿಗೆ ಹೊರಳಿಸಿದರೆ ಹಸುಗೂಸಿನಂತೆ ತಣ್ಣಗೆ ಉಸಿರಾಡುತ್ತಿದ್ದ — ಅಷ್ಟೇ ಮದ್ದು, ಅಂದೇ ಗೊತ್ತಿತ್ತಲ್ಲ. ಪೊಲೀಸ್ ಆಕ್ಷನ್ ಆಗಿ ಊರಿಗೆ ಮರಳಿದ ದಿನ ಅಣ್ಣ ಕಂಬಳಿ ಹಾಸಿ ಅಂಗಾತ ಬಿದ್ದು, ಇನ್ನ ಯಾರ ಅಂಜಿಕಿ ಐತಲೇ ತಮ್ಮಾ, ಊರೇ ಎದ್ದು ಕೂಡ್ಲಿ, ಗೊರಕಿ ಹೊಡಿತೀನಿ ನೋಡು ಅಂದ, ಹೊಡೆದ, ಊರು ನಕ್ಕಿತು. ಆಮೇಲೆ ಕುರಿಯ ಹಿಂದೆ ನಡೆಯುತ್ತಲೇ ತೂಗಡಿಸತೊಡಗಿದ, ರೊಟ್ಟಿ ಮುರಿಯುತ್ತಲೇ ಕಣ್ಣು ಮುಚ್ಚಿದ, ಗೊರಕೆಯ ನಡುವೆ ಉಸಿರೇ ನಿಲ್ಲುತ್ತಿತ್ತು, ಎದೆ ಏಳುತ್ತದೆ, ಗಾಳಿ ಇಲ್ಲ, ಒಮ್ಮೆಲೇ ಖರ್ ಎಂದು ತಿರುಗಿ ಬರುತ್ತಿತ್ತು. ಯಾದಗಿರಿಯ ಡಾಕ್ಟರ್ ಮನ್ಸೂರಅಲಿ ನಗಲಿಲ್ಲ, ಇದು ನಿದ್ದಿ ಅಲ್ಲಪಾ, ಉಸುರುಗಟ್ಟೋದು, ಅಂಗಾತ ಮಲಗಿದ್ರ ನಾಲಿಗಿ ಹಿಂದ ಬಿದ್ದು ಗಂಟಲ ಮುಚ್ಚತದ, ಮೈ ಇಳಸು, ಮಗ್ಗಲಾಗಿ ಮಲಗು, ಉಸುರು ನಿಂತ್ರ ಯಾರರೆ ತಟ್ಟಿ ಎಬ್ಬಸ್ರಿ ಅಂದ. ಬಾಲಮ್ಮ ದುಂಡುಗಲ್ಲಿಗೆ ಉಣ್ಣೆ ಸುತ್ತಿ ಉಂಡೆ ಮಾಡಿ ಅಂಗಿಯ ಬೆನ್ನಿಗೆ ಚೀಲದಲ್ಲಿ ಹೊಲಿದಳು, ಅಂಗಾತ ಹೊರಳಿದರೆ ಒತ್ತಬೇಕು, ಎಚ್ಚರ ಬೇಡ, ಮಗ್ಗುಲಿಗೆ ಹೊರಳಿದರೆ ಸಾಕು. ಅಡವಿಯಾಗ ನೀನೇ ಕಾಯಬೇಕು ನಿಮ್ಮಣ್ಣನ್ನ, ಅಂದಳು. ಹೂಂ ಅತ್ತಿಗಿ, ಜಾನ್ ಕಬೂಲ್, ಜೀವಾ ಕೊಟ್ಟೇನು ಎಂದು ಹುಲಗಪ್ಪ ಆಟದ ರಾಜನಂತೆ ಎದೆ ಮುಟ್ಟಿಕೊಂಡು ಬಗ್ಗಿದ, ಅವಳು ನಕ್ಕಳು.

ಆವತ್ತು ಅಡವಿಯಲ್ಲಿ ಕುರಿಗಳು ನೆರಳಿಗೆ ಸೇರಿದ ಹೊತ್ತು, ಗೆಳೆಯರಾದ ಅಂಬ್ರಪ್ಪ, ಯೂನುಸ ಬಂದು ಕೂತರು, ನಿಮ್ಮಣ್ಣನ ಗೊರಕಿ ಬಾಜಾ ಇಲ್ಲದ ನಿನ್ನ ಡೈಲಾಗು ಸಪ್ಪಲೇ ಮಗನ, ಅಂದ ಯೂನುಸ — ಹುಲಗಪ್ಪ ಮಗ್ಗುಲಾಗಿ ಮಲಗಿದ್ದ ಅಣ್ಣನ ಬೆನ್ನಿನ ಹೊಲಿಗೆಯನ್ನು ಜಾಲಿಮುಳ್ಳಿನಿಂದ ಒಂದೊಂದೇ ಎಬ್ಬಿಸಿದ, ಉಂಡೆ ತೆಗೆದ, ಏನಲೇ ಅಂದ ಅಣ್ಣ ನಿದ್ದೆಗಣ್ಣಲ್ಲಿ, ಏನಿಲ್ಲಣ್ಣ, ಹುಳ ಹರದಿತ್ತು, ಮಲಗು. ಹಾ ಎಂದು ಸುಖವಾಗಿ ಅಂಗಾತ ಹೊರಳಿದ. ಗೊರಕೆ ಏರಿತು, ಉಸಿರು ಕಟ್ಟಿತು, ಹುಲಗಪ್ಪ ಕೈ ಎತ್ತಿದ, ಠಹರೋ, ಬಾದಶಾಹ ಸಲಾಮತ್ ಅಬ್ ಫರಮಾಯೇಂಗೆ! ತಡೀರಿ, ಬಾದಶಾಹರು ಈಗ ಮಾತಾಡ್ತಾರ! ಖರ್ — ಗೆಳೆಯರು ಬಿದ್ದು ಬಿದ್ದು ನಕ್ಕರು. ಎರಡನೇ ಸಲ, ಮೂರನೇ ಸಲ. ನಾಲ್ಕನೇ ಸಲ ಕೈ ಎತ್ತಿದ, ಅಂಬ್ರಪ್ಪ ಬಾಯಿ ಮುಚ್ಚಿಕೊಂಡು ನಗು ಹಿಡಿದ, ಬಾದಶಾಹ ಮಾತಾಡಲಿಲ್ಲ, ಇವತ್ತ ಪಾರ್ಟು ಜೋರ ಮಾಡಾಕತ್ಯಾನ ನಮ್ಮಣ್ಣ ಅಂದುಕೊಂಡ, ಎಷ್ಟು ಹೆಮ್ಮೆ ಆಗ, ಲೇ ಸಾಕು, ತಟ್ಟಲೇ ಅಂವನ್ನ ಎನ್ನುತ್ತ ಯೂನುಸ ಎದ್ದೇ ಬಿಟ್ಟ, ಹುಲಗಪ್ಪನ ತಟ್ಟಬೇಕಾದ ಕೈ ಮೇಲೆಯೇ ಇತ್ತು.

ಗಟ್ಟಿ ಆಗ್ಯಾದೇನು ಜಗ್ಗಿ ನೋಡು, ಬಾಲಮ್ಮ ಅಂಗಿ ಚಾಚುತ್ತಾಳೆ. ಜಗ್ಗಿದ, ದಾರ ಜಗ್ಗಲಿಲ್ಲ. ಅತ್ತಿಗಿ, ಅಂದ, ಆವತ್ತೂ ಹಿಂಗೇ ಗಟ್ಟಿ ಇತ್ತು, ನಾನೇ ಬಿಚ್ಚಿದೆ, ನಗಸಾಕ. ಅವಳು ಬೈಯಲಿಲ್ಲ, ಒಮ್ಮೆ ಬೈದಿದ್ದರೆ, ಅವಳ ತುಟಿ ಸ್ವಲ್ಪ ತೆರೆದಿದೆ, ಅದರಿಂದ ಏನೂ ಬರುತ್ತಿಲ್ಲ, ಅಣ್ಣನ ಎದೆ ಏಳುತ್ತದೆ, ಗಾಳಿ ಇಲ್ಲ, ಎಲ್ಲರೂ ನಗು ಹಿಡಿದು ಕೂತಿದ್ದಾರೆ, ಕೈ ಮೇಲಿದೆ, ಇಳಿಸು, ತಟ್ಟು, ಕೈ ಮೇಲಿದೆ, ಅಣ್ಣಾ, ಕೈ ಮೇಲೆ —