ಕೆಳಗಿನ ದನಿ

“ಕಳಕವ್ವನ ದನಿ ಕೆಳಗ ಯಾವನೋ ಗೊಣಗಲಿಕ್ಕತ್ತಾನ,” ಎಂದು, ಮುದ್ರಿಸಿದ್ದನ್ನು ಕೇಳುತ್ತಿದ್ದ ವೆಂಕಟೇಶ ಮಾಸ್ತರರು ಹೆಡ್‌ಫೋನನ್ನು ಕಿವಿಯಿಂದ ತೆಗೆದರು.

ಗಜೇಂದ್ರಗಡದ ನೇಕಾರರ ಓಣಿಯ ಆ ಪಡಸಾಲೆಯಲ್ಲಿ ಭಜನಾ ಮೇಳ ಸೇರಿತ್ತು. ಹಾಡು ಮುದ್ರಿಸಿಕೊಳ್ಳಲು ಧಾರವಾಡದಿಂದ ಟೇಪ್ ರೆಕಾರ್ಡರ್ ತಂದಿದ್ದ ಫಕೀರಸಾಬ ತಲೆ ತಗ್ಗಿಸಿ ತಂತಿ ಸರಿಮಾಡತೊಡಗಿದ. ಮಗ್ಗ ನಿಲ್ಲಿಸಿ ಬಂದು ಹಾಡಿದ್ದ ಕಳಕವ್ವ ಸೆರಗು ಹೊದ್ದುಕೊಂಡಳು.

ಇಪ್ಪತ್ತು ವರ್ಷಗಳಿಂದ ಆ ಮೇಳಕ್ಕೆ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದವರು ಮಾಸ್ತರರೇ. ಯಾರ ಸ್ವರ ಕೂದಲೆಳೆಯಷ್ಟು ಜಾರಿದರೂ ಕಣ್ಣು ಮುಚ್ಚಿಯೇ ಹಿಡಿಯುತ್ತಾರೆಂದು ಸುತ್ತಲಿನ ಊರುಗಳಲ್ಲೆಲ್ಲ ಹೆಸರಿತ್ತು. ಈಗ ಅವರ ಕಣ್ಣು ತಾಳ ಹಿಡಿದಿದ್ದ ಸವಡಿಯ ಮುತ್ತಪ್ಪನ ಮೇಲೆ ನಿಂತಿತು.

“ನಿನ್ನ ಬಾಯಿ ಸುಮ್ಮನಿರೂದಿಲ್ಲೇನೋ?”

“ನಾ ಬಾಯಿ ತಗದಿಲ್ರಿ ಮಾಸ್ತರ.”

“ಹಂಗಾರ ಯಂತ್ರ ಸುಳ್ಳು ಹೇಳತದೇನು? ಏಳು, ಹೊರಗ ಹೋಗು.”

ಮುತ್ತಪ್ಪ ಒಂದು ಗಳಿಗೆ ಅವರ ಮುಖ ನೋಡಿದ. ತಾಳಗಳನ್ನು ರುಮಾಲಿನಲ್ಲಿ ಸುತ್ತಿಕೊಂಡು ಎದ್ದು ಹೋದ.

ತಾಳವಿಲ್ಲದೆಯೇ ಎರಡನೆಯ ಸಲ ಹಾಡಾಯಿತು. ಫಕೀರಸಾಬ ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿಸಿದ. ಆ ಗೊಣಗು ಹಾಗೆಯೇ ಇತ್ತು.

“ನಿಮ್ಮ ಸಾಮಾನು ಕೆಟ್ಟದ ಸಾಬರ. ಈ ಕಿವಿಗೆ ಹಾಕೋದನ್ನ ನಂಬಿದ್ರ ಮುಗೀತು.”

“ಇರಬಹುದ್ರಿ,” ಎಂದ ಫಕೀರಸಾಬ ಮೆಲ್ಲಗೆ. “ಒಂದ ಸಲ ಇದನ್ನ ಹಾಕ್ಕೊಂಡ ನುಡಸ್ರಿ. ನುಡಸೂಮುಂದನ ಕೇಳತೈತಿ.”

ಮಾಸ್ತರರು ಹಾಕಿಕೊಂಡರು. ಪೇಟಿಯ ತಿದಿಯ ಉಸಿರು ಕೂಡ ಕಿವಿಯೊಳಗೇ ಬಂದಂತಿತ್ತು. ಕಳಕವ್ವ ಎರಡನೆಯ ಸಾಲಿಗೆ ಬಂದಳು. ಬಂತು, ಅದೇ ದನಿ. ಜ್ವರ ಬಂದವನು ನಿದ್ದೆಯಲ್ಲಿ ನರಳಿದ ಹಾಗೆ, ಅವಳ ಸ್ವರಕ್ಕಿಂತ ಒಂದಿಷ್ಟು ಕೆಳಗೆ. ಮಾಸ್ತರರು ಸುತ್ತ ನೋಡಿದರು. ಕಳಕವ್ವನ ತುಟಿಗಳಲ್ಲದೆ ಬೇರೆ ಯಾರ ತುಟಿಯೂ ಅಲುಗುತ್ತಿರಲಿಲ್ಲ. ಅವರು ಉಗುಳು ನುಂಗಿದರು. ದನಿ ನಿಂತಿತು. ಬೆರಳುಗಳು ಓಡುತ್ತಲೇ ಇದ್ದವು. ಎರಡು ಸಾಲು ದಾಟುವಷ್ಟರಲ್ಲಿ ಅದು ಮತ್ತೆ ಬಂತು, ಈ ಸಲ ಅದರ ಕಂಪನ ಅವರ ಗಂಟಲಿಗೇ ತಿಳಿಯಿತು.

ಅವರ ಕೈ ನಿಂತಿತು. ಎಲ್ಲರೂ ನೆಲ ನೋಡುತ್ತಿದ್ದರು.

“ಮೊದಲಿಂದನೂ ಹಿಂಗನ, ಕಳಕವ್ವ?”

“ಹೂನ್ರಿ.”

“ಹೇಳಬಾರದಾಗಿತ್ತೇನವಾ?”

“ನಿಮಗ ಹ್ಯಾಂಗ ಹೇಳೂದ್ರಿ?”

ಹೋದ ಶ್ರಾವಣದಲ್ಲಿ, ಗುಡಿ ತುಂಬ ಕೂತ ಜನರೆದುರು ಹಾಡು ನಡುವೆ ನಿಲ್ಲಿಸಿ, “ಸ್ವರದ ಗಂಧ ಇಲ್ಲದವರು ಮಗ್ಗದ ಮುಂದ ಕೂಡ್ರಬೇಕು,” ಎಂದು ಇವಳಿಗೆ ಹೇಳಿದ್ದು ಅವರಿಗೆ ನೆನಪಾಯಿತು. ಮೂರು ತಿಂಗಳು ಅವಳು ಮೇಳಕ್ಕೆ ಬಂದಿರಲಿಲ್ಲ. ಅವತ್ತು ಕೇಳಿದ್ದ ಅಪಸ್ವರ ಯಾರದು?

ಮಾಸ್ತರರು ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು. ಮುತ್ತಪ್ಪ ಎದುರುಮನೆಯ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಿದ್ದ. ಅವರನ್ನು ಕಂಡು ಎದ್ದು ನಿಂತ.

“ಅದು ನಾನೋ, ಮುತ್ತಪ್ಪ.”

“ಗೊತ್ತೈತ್ರಿ.”

“ಗೊತ್ತಿದ್ದೂ ಎದ್ದು ಬಂದೆಲ್ಲಾ!”

“ನೀವ ಹೋಗಂದ್ರಲ್ರಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಾಸ್ತರರಿಗೆ ಅವನ ಕೈ ಹಿಡಿಯಬೇಕೆನಿಸಿತು, ಕೈ ಮೇಲೇಳಲಿಲ್ಲ. “ಒಳಗ ಬಾರಪಾ,” ಎಂದಷ್ಟೇ ಹೇಳಿ ತಾವೇ ಮುಂದೆ ನಡೆದರು.

“ಅದನ್ನ ಇತ್ಲಾಗ ಕೊಡ್ರಿ, ಸಾಬರ,” ಎಂದು ಹೆಡ್‌ಫೋನು ಕೇಳಿ ತೆಗೆದುಕೊಂಡು, ಎರಡೂ ಕಿವಿಗೆ ಬಿಗಿಯಾಗಿ ಒತ್ತಿಕೊಂಡರು. ಹೆಗಲ ಮೇಲಿನ ಶಲ್ಯದ ತುದಿಯನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿದು ಪೇಟಿಗೆ ಕೈ ಇಟ್ಟರು. ಮುತ್ತಪ್ಪನ ತಾಳ ಬಿತ್ತು.

ಎರಡನೆಯ ಸಾಲಿನ ತಿರುವಿನಲ್ಲಿ ಕಳಕವ್ವ ಏನನ್ನೋ ಕಾಯುವವಳಂತೆ ಅರೆಗಳಿಗೆ ತಡೆದಳು. ಏನೂ ಬರಲಿಲ್ಲ. ಅವಳು ಕಣ್ಣು ಮುಚ್ಚಿ ಒಬ್ಬಳೇ ಮೇಲಕ್ಕೆ ಹೋದಳು, ಮಾಸ್ತರರು ಇಪ್ಪತ್ತು ವರ್ಷದಲ್ಲಿ ಕೇಳದಷ್ಟು ಮೇಲಕ್ಕೆ. ಅವರ ದವಡೆ ಬಿಗಿದೇ ಇತ್ತು. ಕಚ್ಚಿದ ಶಲ್ಯದ ತುದಿ ನಿಧಾನವಾಗಿ ಒದ್ದೆಯಾಗುತ್ತಿತ್ತು.